ಒಬ್ಬ ಜಾಸ್ತಿ ಇದ್ದರೂ ಗೋಲಿಲ್ಲ: ಐಸ್ ಹಾಕಿ ಪವರ್ ಪ್ಲೇ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೊರೊಂಟೊದಲ್ಲಿ ಒಂಬತ್ತು ವರ್ಷ ಇದ್ದು ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ವಾಪಸ್ ಬಂದವನು ನಾನು. ಬರುವಾಗ ತಂದ ಚಟ ಒಂದೇ, ಐಸ್ ಹಾಕಿ ನೋಡುವುದು. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಮ್ಯಾಚ್ ಚಳಿಗಾಲದಲ್ಲಿ ನಮಗೆ ಬೆಳಗಿನ ಜಾವ ಐದೂವರೆಗೆ. ಕೊಯ್ಲಿನ ದಿನಗಳಲ್ಲಿ ಅಡಿಕೆ ಹಂಡೆಗೆ ಬೆಂಕಿ ಹಾಕುವ ಹೊತ್ತೂ ಅದೇ. ಫೋನನ್ನು ಚಪ್ಪರದ ಕಂಬಕ್ಕೆ ಕಟ್ಟಿ ಕೂತರೆ ಸುತ್ತ ನಾಲ್ಕು ಜನ ಸೇರುತ್ತಾರೆ. ಸೇರಿದವರು ಕೇಳದೆ ಬಿಡುವುದಿಲ್ಲ. ಶಿವಮೊಗ್ಗದ ಹಾಸ್ಟೆಲಿನಲ್ಲಿರುವ ಅಕ್ಕನ ಮಗ, ಅವನ ಗೆಳೆಯರು ವಾಟ್ಸ್ಯಾಪಿನಲ್ಲಿ ಕೇಳುತ್ತಾರೆ. ಮಗಳು ಬಾಸ್ಟನ್ನಿನಲ್ಲಿರುವ ಮೇಷ್ಟ್ರೊಬ್ಬರು ಮೂರು ಪುಟದ ಕಾಗದವನ್ನೇ ಬರೆದಿದ್ದರು. ಹೆಚ್ಚಿನ ಪ್ರಶ್ನೆಗಳು ಸುತ್ತಿ ಬಳಸಿ ಬರುವುದು ಒಂದೇ ಕಡೆಗೆ: ಎದುರಾಳಿಯ ಒಬ್ಬ ಹೊರಗೆ ಕೂತಿದ್ದಾನೆ, ಆದರೂ ಇವರಿಗೆ ಗೋಲು ಹೊಡೆಯಲು ಏನು ಕಷ್ಟ? ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲ ಸಲ ನೋಡುವವರಿಗೆ

ಪವರ್ ಪ್ಲೇ ಅಂದ್ರೆ ಕ್ರಿಕೆಟ್‌ನಲ್ಲಿ ಇರೋದೇ ತಾನೆ?

ಹೆಸರು ಮಾತ್ರ ಒಂದೇ. ಟಿ20ಯಲ್ಲಿ ಮೊದಲ ಆರು ಓವರ್ ಇಬ್ಬರು ಫೀಲ್ಡರ್‌ಗಳಷ್ಟೇ ವೃತ್ತದ ಹೊರಗಿರಬೇಕು, ಅದು ಎರಡೂ ಟೀಮಿಗೆ ಸಿಗುತ್ತದೆ. ಐಸ್ ಹಾಕಿಯ ಪವರ್ ಪ್ಲೇ ಎದುರಾಳಿ ತಪ್ಪು ಮಾಡಿದಾಗ ಮಾತ್ರ ಬರುತ್ತದೆ.

ಒಂದು ಟೀಮಿನಿಂದ ಒಂದು ಹೊತ್ತಿಗೆ ಆರು ಜನ ಐಸ್ ಮೇಲಿರುತ್ತಾರೆ: ಒಬ್ಬ ಗೋಲಿ (ಗೋಲು ಕಾಯುವವನು), ಐವರು ಆಟಗಾರರು. ಯಾರಾದರೂ ಸ್ಟಿಕ್ಕಿನಿಂದ ಕಾಲಿಗೆ ಕೊಕ್ಕೆ ಹಾಕಿದರೆ, ಹಿಡಿದು ಎಳೆದರೆ, ಬೀಳಿಸಿದರೆ ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕು. ಅವನ ಬದಲಿಗೆ ಬೇರೆಯವರು ಬರುವಂತಿಲ್ಲ. ಅಷ್ಟು ಹೊತ್ತು ಆಟ ಐದರ ಎದುರು ನಾಲ್ಕು. ಐವರಿರುವ ಕಡೆಗೆ ಅದು ಪವರ್ ಪ್ಲೇ. ನಾಲ್ವರಿರುವ ಕಡೆಯವರ ಕೆಲಸಕ್ಕೆ ಪೆನಾಲ್ಟಿ ಕಿಲ್ ಅನ್ನುತ್ತಾರೆ. ಅಂದರೆ ಹೇಗಾದರೂ ಮಾಡಿ ಆ ಎರಡು ನಿಮಿಷ ಕಳೆಯುವುದು.

ಎರಡು ನಿಮಿಷ ಆಗಿಲ್ಲ, ಆಗ್ಲೇ ಹುಡುಗನ್ನ ಬಿಟ್ಟುಬಿಟ್ರಲ್ಲ?

ಗೋಲು ಬಿತ್ತು ಅಂತ ಬಿಟ್ಟರು. ಎರಡು ನಿಮಿಷದ ಸಣ್ಣ ಪೆನಾಲ್ಟಿಯಲ್ಲಿ ಗೋಲಾದ ತಕ್ಷಣ ಶಿಕ್ಷೆ ಮುಗಿಯುತ್ತದೆ. ಐದು ನಿಮಿಷದ ದೊಡ್ಡ ಪೆನಾಲ್ಟಿಯಾದರೆ ಎಷ್ಟು ಗೋಲು ಬಿದ್ದರೂ ಪೂರ್ತಿ ಕೂರಲೇಬೇಕು.

ಮೊದಲು ಹೀಗಿರಲಿಲ್ಲ. ಗೋಲು ಬೀಳಲಿ, ಬಿಡಲಿ, ಎರಡು ನಿಮಿಷ ಎರಡು ನಿಮಿಷವೇ. ಆಗ ಮಾಂಟ್ರಿಯಲ್ ಟೀಮು ಪವರ್ ಪ್ಲೇಯಲ್ಲಿ ಎದುರಾಳಿಯನ್ನು ಚಿಂದಿ ಮಾಡುತ್ತಿತ್ತು. 1955ರ ನವೆಂಬರಿನಲ್ಲಿ ಬಾಸ್ಟನ್ ವಿರುದ್ಧ ಜಾನ್ ಬೆಲಿವೊ ಒಂದೇ ಪವರ್ ಪ್ಲೇಯಲ್ಲಿ 44 ಸೆಕೆಂಡಿನೊಳಗೆ ಮೂರು ಗೋಲು ಹೊಡೆದರು. ಮುಂದಿನ ಸೀಸನ್ನಿನಿಂದಲೇ ನಿಯಮ ಬದಲಾಯಿತು. ಒಂದು ಟೀಮು ಜಾಸ್ತಿ ಚೆನ್ನಾಗಿ ಆಡಿದ್ದಕ್ಕೆ ನಿಯಮ ಬದಲಾಗುವುದು ಅಪರೂಪ. ನನಗಂತೂ ಆ ಹಳೆಯ ನಿಯಮವೇ ಇಷ್ಟ, ಆದರೆ ನನ್ನನ್ನು ಯಾರು ಕೇಳುತ್ತಾರೆ.

ಒಬ್ಬ ಜಾಸ್ತಿ ಇದ್ದ ಮೇಲೆ ಗೋಲು ಹೊಡೆಯೋದು ಸಲೀಸು ಅಲ್ವಾ? ಎಷ್ಟು ಸಲ ಹೊಡೀತಾರೆ?

ಐದು ಸಲ ಸಿಕ್ಕರೆ ಒಂದು ಸಲ. ಅಮೆರಿಕ, ಕೆನಡಾದ ದೊಡ್ಡ ಲೀಗಾದ ಎನ್‌ಎಚ್‌ಎಲ್‌ನಲ್ಲಿ ಈಚಿನ ವರ್ಷಗಳ ಸರಾಸರಿ 20%ರ ಆಸುಪಾಸು. ಇಷ್ಟು ಹೇಳಿದರೆ ಸಾಕು, ಕೇಳಿದವರ ಮುಖ ಸಪ್ಪಗಾಗುತ್ತದೆ. ಒಂದು ಇಡೀ ಸೀಸನ್ನಿನಲ್ಲಿ ಈವರೆಗಿನ ದಾಖಲೆ ಎಡ್ಮಂಟನ್ ಆಯ್ಲರ್ಸ್ ಟೀಮಿನದು, 2022-23ರಲ್ಲಿ 32.4%. ಅದಕ್ಕೆ ಮೊದಲು ಇದ್ದದ್ದು ಮಾಂಟ್ರಿಯಲ್‌ನ 31.9%, ಅದು 1977-78ರದು. ಅಂದರೆ ಚರಿತ್ರೆಯ ಅತ್ಯಂತ ಒಳ್ಳೆಯ ಪವರ್ ಪ್ಲೇ ಕೂಡ ಮೂರರಲ್ಲಿ ಎರಡು ಸಲ ಬರಿಗೈಯಲ್ಲಿ ಬಂದಿದೆ.

ಹಾಗಾಗಿ "ಒದ್ದಾಡುತ್ತಿದೆ" ಅನ್ನುವ ಮೊದಲು ಅಳತೆ ಸರಿ ಮಾಡಿಕೊಳ್ಳಬೇಕು. ಗೋಲು ಬರದಿರುವುದೇ ಇಲ್ಲಿ ಮಾಮೂಲು. 20% ಇರುವ ಟೀಮು ಪರವಾಗಿಲ್ಲ. 25% ದಾಟಿದರೆ ಭೇಷ್. 15%ಕ್ಕಿಂತ ಕೆಳಗೆ ಇಳಿದರೆ ಆಗ ಚಿಂತೆ ಮಾಡಬಹುದು.

ಕಮ್ಮಿ ಜನ ಇರೋರು ಪಕ್ಕನ್ನ ಆ ತುದಿಗೆ ಬೀಸಿ ಎಸೀತಾರಲ್ಲ, ಅದು ತಪ್ಪಲ್ವಾ?

ಬೇರೆ ಹೊತ್ತಿನಲ್ಲಿ ತಪ್ಪು. ತಮ್ಮ ಅರ್ಧದಿಂದ ಪಕ್ಕನ್ನು (ಇಲ್ಲಿ ಚೆಂಡಿನ ಬದಲಿಗೆ ಇರುವ ರಬ್ಬರ್ ಬಿಲ್ಲೆ) ಯಾರೂ ಮುಟ್ಟದೆ ಎದುರಿನ ಗೋಲ್ ಲೈನ್ ದಾಟುವ ಹಾಗೆ ಹೊಡೆದರೆ ಐಸಿಂಗ್ ಅಂತ ಶಿಳ್ಳೆ ಊದುತ್ತಾರೆ, ಆಟ ಹೊಡೆದವರ ಗೋಲಿನ ಹತ್ತಿರಕ್ಕೇ ವಾಪಸ್ ಬರುತ್ತದೆ. ಪೆನಾಲ್ಟಿಯಿಂದ ಜನ ಕಮ್ಮಿಯಿರುವ ಟೀಮಿಗೆ ಮಾತ್ರ ಇದರಿಂದ ರಿಯಾಯಿತಿ.

ಇದು ಸಣ್ಣ ರಿಯಾಯಿತಿ ಅಂದುಕೊಳ್ಳಬೇಡಿ. ಎನ್‌ಎಚ್‌ಎಲ್ ರಿಂಕು 200 ಅಡಿ ಉದ್ದ. ಆ ತುದಿಗೆ ಹೋದ ಪಕ್ಕನ್ನು ತಂದು, ಮತ್ತೆ ಸಾಲು ಕಟ್ಟಿಕೊಂಡು ಒಳಗೆ ಬರುವಷ್ಟರಲ್ಲಿ ಹದಿನೈದು ಇಪ್ಪತ್ತು ಸೆಕೆಂಡ್ ಹೋಗಿರುತ್ತದೆ. ಮೂರು ಸಲ ಹಾಗೆ ಎಸೆದರೆ ಪವರ್ ಪ್ಲೇಯ ಅರ್ಧ ಖಾಲಿ.

## ಆಟ ಸ್ವಲ್ಪ ತಲೆಗೆ ಹತ್ತಿದ ಮೇಲೆ

ಐದು ಜನ ಸೇರಿ ನಾಲ್ಕು ಜನರನ್ನ ಯಾಕೆ ದಾಟೋಕಾಗಲ್ಲ? ಲೆಕ್ಕ ಸರಿ ಇದೆಯಲ್ಲ?

ಲೆಕ್ಕ ಸರಿ ಇದೆ. ಆದರೆ ಆ ಹೆಚ್ಚಿನ ಒಬ್ಬ ಎಲ್ಲಿ ಸಿಗುತ್ತಾನೆ ಅನ್ನುವುದನ್ನು ತೀರ್ಮಾನ ಮಾಡುವವರು ಆ ನಾಲ್ವರು.

ತೋಟಕ್ಕೆ ದನ ನುಗ್ಗುವುದನ್ನು ನೋಡಿದ್ದೀರಲ್ಲ. ಕಾಯುವವರು ಕಮ್ಮಿ ಇದ್ದಾಗ ಇಡೀ ಬೇಲಿ ಕಾಯಲು ಯಾರೂ ಹೋಗುವುದಿಲ್ಲ. ದಣಪೆಯ ಹತ್ತಿರ ನಿಲ್ಲುತ್ತಾರೆ. ದನ ರಸ್ತೆ ಬದಿ ಮೇಯುತ್ತಿದ್ದರೆ ಮೇಯಲಿ. ಆ ನಾಲ್ವರು ಮಾಡುವುದೂ ಇದನ್ನೇ. ಗೋಲಿನ ಎದುರು ಒಂದು ಚೌಕ ಕಟ್ಟಿಕೊಂಡು ನಿಲ್ಲುತ್ತಾರೆ. ಗೋಲಿಗೆ ನೇರ ಎದುರಿನ ಆ ಜಾಗಕ್ಕೆ ಸ್ಲಾಟ್ ಅಂತ ಹೆಸರು, ಗೋಲುಗಳು ಹೆಚ್ಚಾಗಿ ಹುಟ್ಟುವುದು ಅಲ್ಲೇ. ಗೋಡೆ ಬದಿ, ಮೂಲೆ, ಬ್ಲೂ ಲೈನ್ ಹತ್ತಿರ ಎಲ್ಲ ನಿಮಗೇ ಬಿಟ್ಟಿದ್ದೇವೆ ಅನ್ನುತ್ತಾರೆ. ಬ್ಲೂ ಲೈನ್ ಅಂದರೆ ಆಕ್ರಮಣದ ಜಾಗ ಶುರುವಾಗುವ ನೀಲಿ ಗೆರೆ, ಗೋಲ್ ಲೈನಿನಿಂದ 64 ಅಡಿ ದೂರ. ಅಷ್ಟು ದೂರದಿಂದ ಕಣ್ಣಿಗೆ ಕಾಣುವ ಹಾಗೆ ಬರುವ ಹೊಡೆತವನ್ನು ಗೋಲಿ ಬಿಡುವುದು ತೀರಾ ಕಮ್ಮಿ.

ಈಗ ಐವರ ಕಡೆಯಿಂದ ನೋಡಿ. ಪಕ್ ಅವರ ಹತ್ತಿರವೇ ಇದೆ. ಮೇಲಿನವನು, ಅಂದರೆ ಬ್ಲೂ ಲೈನಿನ ಹತ್ತಿರ ನಿಂತವನು, ಬಲಕ್ಕೆ ಕೊಡುತ್ತಾನೆ, ಬಲದವನು ಮೇಲಕ್ಕೆ ಕೊಡುತ್ತಾನೆ, ಅವನು ಎಡಕ್ಕೆ. ನೋಡಲು ಚೆಂದ, ಕಾಮೆಂಟರಿಯವರೂ ಹೊಗಳುತ್ತಾರೆ. ಆದರೆ ಆ ಪಕ್ ದಣಪೆಯ ಆಚೆಯೇ ಸುತ್ತುತ್ತಿದೆ. ಒಳಗಿನ ನಾಲ್ವರು ಒಂದೊಂದು ಹೆಜ್ಜೆ ಸರಿದರೆ ಸಾಕು. ಎರಡು ನಿಮಿಷ ಮುಗಿದ ಮೇಲೆ ಅಂಕಿ ನೋಡಿದರೆ ಪಕ್ ಪೂರ್ತಿ ಇವರ ಹತ್ತಿರವೇ ಇತ್ತು, ಗೋಲಿಯ ಅಂಗಿ ಮಾತ್ರ ಒದ್ದೆಯಾಗಿಲ್ಲ.

ಇದನ್ನು ಒಡೆಯಲು ಈಗ ಹೆಚ್ಚಿನ ಟೀಮುಗಳು ನಿಲ್ಲುವ ಬಗೆ ಒಂದು-ಮೂರು-ಒಂದು. ಮೇಲೆ ಒಬ್ಬ, ನಡುವೆ ಅಡ್ಡಕ್ಕೆ ಮೂವರು, ಗೋಲಿಯ ಮುಖದ ಮುಂದೆ ಒಬ್ಬ. ನಡುವಿನ ಮೂವರಲ್ಲಿ ಮಧ್ಯದವನು ಚೌಕದ ಹೊಟ್ಟೆಯೊಳಗೇ ನಿಲ್ಲುತ್ತಾನೆ. ಅವನಿಗೆ ಬಂಪರ್ ಅನ್ನುತ್ತಾರೆ. ಅವನಿಗೆ ಪಕ್ ಬರಲಿ, ಬರದಿರಲಿ, ನಾಲ್ವರಲ್ಲಿ ಇಬ್ಬರು ಆಗಾಗ ಹಿಂತಿರುಗಿ ನೋಡಲೇಬೇಕು. ಕುತ್ತಿಗೆ ತಿರುಗಿದ ಆ ಕ್ಷಣದಲ್ಲಿ ಬೇರೆ ಕಡೆ ದಾರಿ ತೆರೆಯುತ್ತದೆ. ಒದ್ದಾಡುವ ಪವರ್ ಪ್ಲೇಗಳಲ್ಲಿ ನಾನು ಕಂಡ ಸಾಮಾನ್ಯ ರೋಗ ಅಂದರೆ ಈ ಬಂಪರ್ ಸುಮ್ನೆ ಕಂಬದ ಹಾಗೆ ನಿಂತಿರುವುದು. ಅವನು ಎರಡು ಅಡಿ ಆಚೀಚೆ ಸರಿಯದಿದ್ದರೆ ಅವನನ್ನು ಕಾಯಲು ಯಾರೂ ಬೇಕಿಲ್ಲ, ಅವನ ದಾರಿಯಲ್ಲಿ ಒಂದು ಸ್ಟಿಕ್ ಚಾಚಿದರೆ ಮುಗಿಯಿತು. ಆಗ ಐದರ ಎದುರು ನಾಲ್ಕು ಇದ್ದದ್ದು ನಾಲ್ಕರ ಎದುರು ನಾಲ್ಕಾಗುತ್ತದೆ.

ಎಷ್ಟೊತ್ತು ಪಾಸ್ ಮಾಡ್ತಾರೆ! ಸುಮ್ನೆ ಗೋಲಿಗೆ ಹೊಡೀಬಾರ್ದಾ?

ಸ್ಟೇಡಿಯಂನಲ್ಲೂ ಇದೇ ಕೂಗು. ಟೊರೊಂಟೊದಲ್ಲಿ ನನ್ನ ಪಕ್ಕ ಕೂತ ಅಜ್ಜಂದಿರು "ಹೊಡಿಯೋ!" ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದರು. ಅವರು ಅರ್ಧ ಸರಿ.

ಗೋಲು ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಅದರ ಮುಂದೆ ದಪ್ಪ ಪ್ಯಾಡು ಕಟ್ಟಿದ ದೊಡ್ಡ ಮನುಷ್ಯ. ಎನ್‌ಎಚ್‌ಎಲ್ ಗೋಲಿಗಳು ನೂರು ಹೊಡೆತ ಬಂದರೆ ತೊಂಬತ್ತರಷ್ಟು ತಡೆಯುತ್ತಾರೆ. ನಿಂತು, ನೋಡಿ, ತಯಾರಾಗಿರುವ ಗೋಲಿಗೆ ದೂರದಿಂದ ಹೊಡೆದರೆ ಅದು ಅವನಿಗೆ ಪ್ರಾಕ್ಟೀಸು. ಅವನನ್ನು ಕೆಡಿಸಲು ಎರಡು ದಾರಿ. ಒಂದು, ಅವನಿಗೆ ಪಕ್ ಕಾಣದ ಹಾಗೆ ಯಾರಾದರೂ ಮುಂದೆ ನಿಲ್ಲಬೇಕು. ಇನ್ನೊಂದು, ಅವನನ್ನು ಅಡ್ಡಕ್ಕೆ ಓಡಿಸಬೇಕು. ಪಕ್ ಎಡದಿಂದ ಬಲಕ್ಕೆ ಸ್ಲಾಟ್ ಸೀಳಿಕೊಂಡು ಹೋದರೆ ಗೋಲಿ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ತಳ್ಳಿಕೊಂಡು ಹೋಗಬೇಕು. ಪಾಸಿನ ವೇಗ ಮನುಷ್ಯನಿಗೆ ಇಲ್ಲ. ಅವನು ತಲುಪುವ ಮೊದಲೇ, ಬಂದ ಪಕ್ಕನ್ನು ನಿಲ್ಲಿಸದೆ ಬಾರಿಸಿದರೆ ಗೋಲು. ಅದಕ್ಕೆ ಒನ್ ಟೈಮರ್ ಅನ್ನುತ್ತಾರೆ. ಈ ಅಡ್ಡ ಪಾಸಿಗಾಗಿಯೇ ಅಷ್ಟು ಹೊತ್ತು ಕಾಯುವುದು.

ಅಜ್ಜಂದಿರು ಸರಿಯಾಗುವುದು ಎಲ್ಲಿ ಅಂದರೆ, ಆ ಪಾಸಿಗೆ ಕಾಯುತ್ತಾ ಕೂತ ಟೀಮು ಕೊನೆಗೆ ಹೊಡೆಯುವುದನ್ನೇ ಮರೆಯುತ್ತದೆ. ಇವರು ಹೊಡೆಯುವುದಿಲ್ಲ ಅಂತ ಗೊತ್ತಾದ ಕೂಡಲೇ ನಾಲ್ವರು ಹೊಡೆತ ತಡೆಯುವುದು ಬಿಟ್ಟು ಪಾಸ್ ದಾರಿಗೆ ಸ್ಟಿಕ್ ಹಾಕುತ್ತಾರೆ. ಆಗಾಗ ಒಂದು ಬಿಸಿ ಹೊಡೆತ ಹೋಗುತ್ತಿದ್ದರೆ ಮಾತ್ರ ಅವರು ಮುಂದೆ ಬಂದು ಅಡ್ಡ ನಿಲ್ಲುತ್ತಾರೆ, ಆಗ ಹಿಂದೆ ಜಾಗ ಆಗುತ್ತದೆ.

ಮುಖದ ಮುಂದೆ ನಿಲ್ಲುವ ಕೆಲಸ ನಾನೂ ಮಾಡಿದ್ದೇನೆ. ಮೂವತ್ತು ದಾಟಿದ ಮೇಲೆ ಸ್ಕೇಟಿಂಗ್ ಕಲಿತು, ಆಫೀಸ್ ಮುಗಿಸಿಕೊಂಡು ರಾತ್ರಿ ಹತ್ತಕ್ಕೆ ಆಡುವ ಹೊಸಬರ ಟೀಮೊಂದಕ್ಕೆ ಸೇರಿದ್ದೆ. ನನಗೆ ಬೇರೆ ಏನೂ ಬರುತ್ತಿರಲಿಲ್ಲವಾದ್ದರಿಂದ ಗೋಲಿಯ ಮುಂದೆ ನಿಲ್ಲಿಸಿದರು. ಒಂದು ಪವರ್ ಪ್ಲೇಯಲ್ಲಿ ನಮ್ಮವನು ಬ್ಲೂ ಲೈನಿನಿಂದ ಎಳೆದು ಬಾರಿಸಿದ. ಪಕ್ ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರು. ಅದು ನೇರ ನನ್ನ ಗಿಣ್ಣಿಗೆ ಬಿತ್ತು, ಸಿಡಿದು ಎದುರಾಳಿಯ ಸ್ಟಿಕ್ಕಿಗೆ ಹೋಯಿತು. ನಾನು ಐಸ್ ಮೇಲೆ ಮಗುಚಿ ಬಿದ್ದುಕೊಂಡೇ ಅವನು ಆ ತುದಿಯಲ್ಲಿ ಗೋಲು ಹೊಡೆದು ಕೈಯೆತ್ತಿದ್ದನ್ನು ನೋಡಿದೆ. ಎರಡು ವಾರ ಕುಂಟಿದೆ. ಅಲ್ಲಿ ನಿಲ್ಲುವುದು ಯಾಕೆ ಯಾರಿಗೂ ಬೇಡ ಅನ್ನುವುದು ಆವತ್ತು ಅರ್ಥವಾಯಿತು.

ಬ್ಲೂ ಲೈನ್ ದಾಟೋಕೇ ಒಂದು ನಿಮಿಷ ಮಾಡ್ತಾರಲ್ಲ ಮಾರಾಯ್ರೆ, ಏನು ಕಥೆ?

ಇದನ್ನು ಕೇಳಿದವರು ನಮ್ಮೂರಿನ ಬಸ್ ಕಂಡಕ್ಟರ್ ಒಬ್ಬರು. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಬಂದಿಲ್ಲ. ಎಲ್ಲರೂ ಹೊಡೆತದ ಬಗ್ಗೆ ಮಾತಾಡುತ್ತಾರೆ, ಆದರೆ ಕೆಟ್ಟ ಪವರ್ ಪ್ಲೇ ಸಾಯುವುದು ಬ್ಲೂ ಲೈನಿನ ಮೇಲೇ.

ಆಕ್ರಮಣ ಮಾಡುವವರು ಪಕ್ಕಿಗಿಂತ ಮೊದಲು ಬ್ಲೂ ಲೈನ್ ದಾಟಿದರೆ ಆಫ್‌ಸೈಡ್. ಹಾಗಾಗಿ ನಾಲ್ವರು ಆ ಗೆರೆಯ ಮೇಲೆ ಅಡ್ಡಕ್ಕೆ ಸಾಲಾಗಿ ನಿಂತುಬಿಡುತ್ತಾರೆ. ಒಬ್ಬ ಪಕ್ ಹಿಡಿದು ಬರುತ್ತಾನೆ, ಉಳಿದ ನಾಲ್ವರು ಗೆರೆಯ ಈಚೆ ನಿಂತಲ್ಲೇ ಕಾಯುತ್ತಾರೆ. ನಿಂತವನಿಗೆ ಪಾಸ್ ಸಿಕ್ಕರೂ ಓಟ ಇಲ್ಲ, ಸುಲಭವಾಗಿ ಕಸಿದುಕೊಳ್ಳುತ್ತಾರೆ.

ಇದಕ್ಕೆ ಟೀಮುಗಳು ಕಂಡುಕೊಂಡ ಉಪಾಯ ಡ್ರಾಪ್ ಪಾಸ್. ಒಬ್ಬ ಜೋರಾಗಿ ಬಂದು ಎದುರಿನವರನ್ನು ಹಿಂದಕ್ಕೆ ಸರಿಸುತ್ತಾನೆ, ಗೆರೆಯ ಹತ್ತಿರ ಬರುತ್ತಿದ್ದಂತೆ ಪಕ್ಕನ್ನು ಹಿಂದೆ ಬಿಡುತ್ತಾನೆ. ಹಿಂದಿನಿಂದ ಇನ್ನೂ ಜೋರಾಗಿ ಬಂದವನು ಅದನ್ನೆತ್ತಿಕೊಂಡು ನುಗ್ಗುತ್ತಾನೆ. ಚೆನ್ನಾಗಿ ಮಾಡಿದರೆ ಇದಕ್ಕೆ ಮದ್ದಿಲ್ಲ. ಆದರೆ ಪ್ರತಿ ಸಲವೂ ಇದನ್ನೇ ಮಾಡಿದರೆ ಎದುರಿನವರು ಮೊದಲನೆಯವನನ್ನು ನೋಡುವುದೇ ಇಲ್ಲ, ಎರಡನೆಯವನಿಗೇ ಕಾಯುತ್ತಾರೆ. ಆಗಾಗ ಮೊದಲನೆಯವನೇ ಒಳಗೆ ಒಯ್ಯಬೇಕು. ಇನ್ನು ಕೆಲವು ಸಲ ಮೂಲೆಗೆ ಎಸೆದು ಇಬ್ಬರು ಓಡಿಹೋಗಿ ಕಿತ್ತುಕೊಳ್ಳುವುದೇ ಮೇಲು. ಸ್ಟಾರ್ ಆಟಗಾರರಿಗೆ ಈ ಕೂಲಿ ಕೆಲಸ ಸೇರುವುದಿಲ್ಲ.

ಫೇಸ್‌ಆಫ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಅಂದರೆ ಇಬ್ಬರ ನಡುವೆ ರೆಫ್ರಿ ಪಕ್ ಬೀಳಿಸಿ ಆಟ ಶುರು ಮಾಡುವುದು. ಪವರ್ ಪ್ಲೇ ಶುರುವಾಗುವುದು ತಪ್ಪು ಮಾಡಿದವರ ಗೋಲಿನ ಹತ್ತಿರದ ಫೇಸ್‌ಆಫ್‌ನಿಂದ. ಅದನ್ನು ಗೆದ್ದರೆ ಬ್ಲೂ ಲೈನ್ ದಾಟುವ ತಾಪತ್ರಯವೇ ಇಲ್ಲ. ಸೋತರೆ ಪಕ್ ಆ ತುದಿಗೆ, ನೀವೂ ಅದರ ಹಿಂದೆ.

ಒವೆಚ್ಕಿನ್ ಎಲ್ಲಿ ನಿಲ್ತಾನೆ ಅಂತ ಎಲ್ಲರಿಗೂ ಗೊತ್ತು. ಆದ್ರೂ ಯಾಕೆ ತಡೆಯೋಕಾಗಿಲ್ಲ?

ವಾಷಿಂಗ್ಟನ್ ಟೀಮಿನ ಅಲೆಕ್ಸಾಂಡರ್ ಒವೆಚ್ಕಿನ್ ಪವರ್ ಪ್ಲೇಯಲ್ಲಿ ಎಡಬದಿಯ ಫೇಸ್‌ಆಫ್ ವೃತ್ತದಲ್ಲಿ ನಿಲ್ಲುತ್ತಾರೆ. ವರ್ಷಗಟ್ಟಲೆ ಅದೇ ಜಾಗ. ಆ ಜಾಗಕ್ಕೆ ಅವರ ಆಫೀಸು ಅಂತಲೇ ಹೆಸರು ಬಿದ್ದಿದೆ. ಅವರದು ಬಲಗೈ ಹೊಡೆತ, ಹಾಗಾಗಿ ಎಡಬದಿಯಲ್ಲಿ ನಿಂತರೆ ಎದುರಿನಿಂದ ಅಡ್ಡ ಬರುವ ಪಾಸಿಗೆ ಸ್ಟಿಕ್ಕಿನ ಮುಖ ತೆರೆದೇ ಇರುತ್ತದೆ. ಪಕ್ ನಿಲ್ಲಿಸುವುದೇ ಬೇಡ, ಬಂದ ಹಾಗೆ ಬಾರಿಸುವುದು.

ತಡೆಯುವುದು ಹೇಗೆ ಅಂತ ಎಲ್ಲ ಕೋಚುಗಳಿಗೂ ಗೊತ್ತು: ಒಬ್ಬನನ್ನು ಅವರ ಪಕ್ಕ ನಿಲ್ಲಿಸಿ. ಆದರೆ ಆ ಒಬ್ಬ ಹೋದರೆ ಉಳಿದದ್ದು ನಾಲ್ವರ ಎದುರು ಮೂವರು, ಅದು ಇನ್ನೂ ಅಪಾಯ. ಒವೆಚ್ಕಿನ್ ಪಕ್ ಮುಟ್ಟದೆಯೇ ಒಬ್ಬನನ್ನು ಕಟ್ಟಿಹಾಕುತ್ತಾರೆ. 2025ರ ಏಪ್ರಿಲ್ 6ರಂದು ವೇಯ್ನ್ ಗ್ರೆಟ್ಸ್ಕಿಯ 894 ಗೋಲಿನ ದಾಖಲೆ ಮುರಿದ 895ನೆಯ ಗೋಲು ಬಂದದ್ದೂ ಪವರ್ ಪ್ಲೇಯಲ್ಲೇ, ಅದೇ ಎಡಬದಿಯಿಂದಲೇ.

ಇದನ್ನು ನೋಡಿ ಬೇರೆ ಟೀಮುಗಳು ತಮ್ಮ ಹುಡುಗನನ್ನೂ ಅಲ್ಲಿ ನಿಲ್ಲಿಸಿ ಕಾಯುತ್ತವೆ. ಅವನಿಗೆ ಆ ಹೊಡೆತ ಇಲ್ಲ, ಎದುರಿನವರು ಅವನ ಹತ್ತಿರ ಯಾರನ್ನೂ ಕಳಿಸುವುದಿಲ್ಲ. ಅಲ್ಲಿಗೆ ಲಾಭ ಸೊನ್ನೆ.

ದೊಡ್ಡ ದೊಡ್ಡ ಸ್ಟಾರ್‌ಗಳಿರೋ ಟೀಮೇ ಯಾಕೆ ಒದ್ದಾಡುತ್ತೆ?

ಐದು ಜನಕ್ಕೆ ಪಕ್ ಒಂದೇ. ಐವರೂ ಪಾಸ್ ಮಾಡುವವರೇ ಆದರೆ ಹೊಡೆಯುವವರಿಲ್ಲ. ಐವರೂ ಎಡಗೈಯವರಾದರೆ ಒಂದು ಬದಿಯಿಂದ ಒನ್ ಟೈಮರ್ ಬರುವುದಿಲ್ಲ. ನಮ್ಮ ಮೈದಾನದ ಹಾಕಿಯಲ್ಲಿ ಸ್ಟಿಕ್ಕುಗಳೆಲ್ಲ ಬಲಗೈಯವೇ, ಹಾಗಾಗಿ ಈ ತಲೆನೋವು ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಮತ್ತೆ ಗೋಲಿಯ ಮುಂದೆ ನಿಂತು ಬೆನ್ನಿಗೆ ಗುದ್ದು, ಗಿಣ್ಣಿಗೆ ಪಕ್ ತಿನ್ನುವ ಒಬ್ಬ ಬೇಕೇ ಬೇಕು. ಮದುವೆ ಮನೆಯಲ್ಲಿ ಎಲ್ಲರೂ ಬಡಿಸಲು ನಿಂತರೆ ಎಲೆ ಎತ್ತುವವರು ಯಾರು?

ಇನ್ನೊಂದು, ಒಳ್ಳೆಯ ಪವರ್ ಪ್ಲೇಯನ್ನು ಎಲ್ಲರೂ ಓದಿಕೊಂಡಿರುತ್ತಾರೆ. ಪ್ಲೇಆಫ್‌ನಲ್ಲಿ ಅದೇ ಎದುರಾಳಿಯ ಜೊತೆ ಏಳು ಮ್ಯಾಚಿನವರೆಗೂ ಆಡಬೇಕು. ನಿಮ್ಮ ಪ್ರತಿಯೊಂದು ಪಾಸಿನ ವಿಡಿಯೊ ಅವರ ಹತ್ತಿರ ಇರುತ್ತದೆ. 2018-19ರಲ್ಲಿ ಟ್ಯಾಂಪಾ ಬೇ 62 ಮ್ಯಾಚ್ ಗೆದ್ದಿತ್ತು, ಪವರ್ ಪ್ಲೇ 28.2%, ಲೀಗಿನಲ್ಲೇ ಮೊದಲು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲಂಬಸ್ ಅವರನ್ನು 4-0 ಅಂತ ಮನೆಗೆ ಕಳಿಸಿತು. ಕೊಲಂಬಸ್ ಮಾಡಿದ ಜಾಣತನಗಳಲ್ಲಿ ಒಂದು ತುಂಬಾ ಸರಳ: ಪೆನಾಲ್ಟಿಯನ್ನೇ ಜಾಸ್ತಿ ಕೊಡಲಿಲ್ಲ. ಆಡಲು ಸಿಗದ ಪವರ್ ಪ್ಲೇ ಎಷ್ಟು ಚೆನ್ನಾಗಿದ್ದರೇನು?

2024ರ ಫೈನಲ್ ನನಗೆ ಇನ್ನೂ ಮರೆತಿಲ್ಲ. ಜೂನ್ ತಿಂಗಳು, ಮಳೆ ಹಿಡಿದಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ದಾಖಲೆಯ ಪವರ್ ಪ್ಲೇ ಇದ್ದ ಅದೇ ಎಡ್ಮಂಟನ್, ಕಾನರ್ ಮೆಕ್‌ಡೇವಿಡ್, ಲಿಯಾನ್ ಡ್ರೈಸೈಟಲ್ ಇಬ್ಬರೂ ಇದ್ದರು. ಫ್ಲಾರಿಡಾ ವಿರುದ್ಧ ಮೊದಲ ಮೂರು ಮ್ಯಾಚಿನಲ್ಲಿ ಪವರ್ ಪ್ಲೇಯಿಂದ ಒಂದು ಗೋಲೂ ಇಲ್ಲ, ಮೂರೂ ಸೋತರು. ಆಮೇಲೆ ಸರಣಿಯನ್ನು ಏಳನೇ ಮ್ಯಾಚಿನವರೆಗೆ ಎಳೆದರೂ ಕಪ್ಪು ಫ್ಲಾರಿಡಾಕ್ಕೇ ಹೋಯಿತು. ಫ್ಲಾರಿಡಾದವರು ಪಕ್ ಹಿಡಿದವನ ಮೇಲೆ ಯೋಚಿಸಲು ಬಿಡದ ಹಾಗೆ ಬೀಳುತ್ತಿದ್ದರು. ಜಾಣ ಪಾಸ್ ಮಾಡುವವನಿಗೆ ಬೇಕಾದದ್ದು ಅರ್ಧ ಸೆಕೆಂಡ್, ಅದನ್ನೇ ಕೊಡಲಿಲ್ಲ.

## ಆಳಕ್ಕೆ ಇಳಿಯುವವರಿಗೆ

ಹದಿನೈದು ಪವರ್ ಪ್ಲೇ ಸಿಕ್ಕಿ ಒಂದೂ ಹೋಗಿಲ್ಲ. ಕೋಚನ್ನ ಕಿತ್ತುಹಾಕಬೇಕು ಅಲ್ವಾ?

ಅಕ್ಕನ ಮಗ ರಾತ್ರಿ ಹನ್ನೊಂದಕ್ಕೆ ಕಳಿಸಿದ ಮೆಸೇಜ್ ಇದು, ಕೆಂಪು ಮುಖದ ಐದು ಬೊಂಬೆಗಳ ಸಮೇತ. ಅವನು ಇಂಜಿನಿಯರಿಂಗ್ ಹುಡುಗ, ಹಾಗಾಗಿ ಲೆಕ್ಕದಲ್ಲೇ ಉತ್ತರ ಕೊಟ್ಟೆ.

ಸರಿಯಾಗಿ 20% ಇರುವ, ಯಾವ ರೋಗವೂ ಇಲ್ಲದ ಪವರ್ ಪ್ಲೇ ತೆಗೆದುಕೊಳ್ಳಿ. ಒಂದು ಸಲ ಗೋಲು ಬರದಿರುವ ಸಾಧ್ಯತೆ 0.8. ಹತ್ತು ಸಲ ಸತತವಾಗಿ ಬರದಿರುವುದು ಅಂದರೆ 0.8ನ್ನು ಹತ್ತು ಸಲ ಗುಣಿಸಿ: ಸುಮಾರು 11%. ಹದಿನೈದು ಸಲ ಆದರೆ 3.5%. ಕಮ್ಮಿ ಕಾಣುತ್ತದೆ. ಆದರೆ ಒಂದು ಸೀಸನ್ನಿಗೆ ಎಂಬತ್ತು ಚಿಲ್ಲರೆ ಮ್ಯಾಚು, ಮ್ಯಾಚಿಗೆ ಮೂರರಂತೆ ಹಿಡಿದರೂ ಸುಮಾರು 240 ಪವರ್ ಪ್ಲೇ. ಅಷ್ಟು ಉದ್ದದ ಸಾಲಿನಲ್ಲಿ ಎಲ್ಲೋ ಒಂದು ಕಡೆ ಹದಿನೈದು ಸೊನ್ನೆ ಒಟ್ಟಿಗೆ ಬರುವುದು, ಬರದಿರುವುದಕ್ಕಿಂತ ಜಾಸ್ತಿ ಸಾಧ್ಯ. ಸೀಸನ್ನಿಗೊಂದು ಬರಗಾಲ ಲೆಕ್ಕದಲ್ಲೇ ಇದೆ ಅನ್ನಿ.

ಬರಗಾಲವೋ ರೋಗವೋ ಅಂತ ತಿಳಿಯಲು ಗೋಲು ಎಣಿಸಬೇಡಿ, ಅದು ತೀರಾ ಕಮ್ಮಿ ಸಂಖ್ಯೆ. ಸ್ಲಾಟಿನಿಂದ ಎಷ್ಟು ಹೊಡೆತ ಹೋಯಿತು, ಎರಡು ನಿಮಿಷದಲ್ಲಿ ಎಷ್ಟು ಹೊತ್ತು ಒಳಗೆ ನೆಲೆಯಾಗಿ ಆಡಿದರು ಅಂತ ನೋಡಿ. ಅವು ಮೊದಲಿನಂತೆಯೇ ಇದ್ದರೆ ಗೋಲು ತಾನಾಗಿ ಬರುತ್ತದೆ. ಅವೂ ಕುಸಿದಿದ್ದರೆ ಆಗ ಮೆಸೇಜ್ ಕಳಿಸು ಅಂದೆ. ಕಳಿಸಿದ, ಎರಡು ವಾರ ಬಿಟ್ಟು. ಅಷ್ಟರಲ್ಲಿ ಆ ಟೀಮು ನಾಲ್ಕು ಹೊಡೆದಿತ್ತು, ಹುಡುಗ ಈಗ ಕೋಚಿನ ಅಭಿಮಾನಿ.

ಒಂದು ಅಡ್ಡಪರಿಣಾಮ ಮಾತ್ರ ನಿಜ. ಬರಗಾಲ ಬಂದಾಗ ಆಟಗಾರರು ಸ್ಟಿಕ್ ಬಿಗಿ ಹಿಡಿಯುತ್ತಾರೆ, ಕೋಚುಗಳು ಮ್ಯಾಚಿಗೊಂದು ಜೋಡಣೆ ಬದಲಿಸುತ್ತಾರೆ. ಐವರು ಒಟ್ಟಿಗೆ ಆಡಿ ಆಡಿ ಬರುವ ಅಂದಾಜು, ನೋಡದೆ ಪಾಸ್ ಕೊಡುವ ಧೈರ್ಯ ಆಗ ಹೋಗಿಬಿಡುತ್ತದೆ. ಇಲ್ಲದ ರೋಗಕ್ಕೆ ಮದ್ದು ಕೊಟ್ಟು ರೋಗ ತಂದ ಹಾಗೆ.

ಐದರ ಮೇಲೆ ಮೂರು ಸಿಕ್ರೂ ಗೋಲು ಬರಲ್ವಲ್ಲ, ನಾಚಿಕೆ ಆಗಲ್ವಾ?

ಇದಕ್ಕೆ ಕ್ಷಮೆ ಇಲ್ಲ, ಒಪ್ಪುತ್ತೇನೆ. ಇಬ್ಬರು ಹೊರಗಿದ್ದಾಗ ಉಳಿದ ಮೂವರು ತ್ರಿಕೋನ ಕಟ್ಟಿ ಗೋಲಿಗೆ ಅಂಟಿಕೊಳ್ಳುತ್ತಾರೆ. ಎಷ್ಟೇ ಪೆನಾಲ್ಟಿಯಾದರೂ ಮೂವರಿಗಿಂತ ಕೆಳಗೆ ಇಳಿಸುವಂತಿಲ್ಲ. ಜಾಗ ಧಾರಾಳ ಇರುವುದರಿಂದ ಐವರೂ ಇನ್ನೂ ಚೆಂದದ ಗೋಲು ಹುಡುಕುತ್ತಾರೆ, ಗಡಿಯಾರ ಓಡುತ್ತದೆ. ಎರಡು ಪಾಸ್, ಒಂದು ಹೊಡೆತ, ಸಿಡಿದು ಬಂದದ್ದಕ್ಕೆ ಇಬ್ಬರು ನುಗ್ಗಿದರೆ ಸಾಕಿತ್ತು.

ನಮ್ಮೋರೇ ಜಾಸ್ತಿ ಇದ್ದಾಗ ನಮ್ಮ ಮೇಲೇ ಗೋಲು ಬಿತ್ತು! ಇದೆಂಥ ಕರ್ಮ?

ಪವರ್ ಪ್ಲೇಗೆ ಈಗ ಸಾಮಾನ್ಯವಾಗಿ ನಾಲ್ವರು ಫಾರ್ವರ್ಡ್, ಒಬ್ಬನೇ ಡಿಫೆನ್ಸ್‌ನವನು ಇಳಿಯುತ್ತಾರೆ. ಮೇಲಿನವನ ಒಂದು ಪಾಸ್ ಕಸಿದುಕೊಂಡರೆ ಹಿಂದೆ ಯಾರೂ ಇಲ್ಲ. ಕಸಿದವನು ನೇರ ಗೋಲಿಯ ಎದುರಿಗೆ. ಇಂಥ ಗೋಲು ಒಮ್ಮೆ ಬಿದ್ದರೆ ಆಮೇಲಿನ ನಾಲ್ಕು ಪವರ್ ಪ್ಲೇ ಹೆದರಿಕೆಯಲ್ಲೇ ಕಳೆಯುತ್ತದೆ. ನನ್ನ ಗಿಣ್ಣಿನ ಕಥೆ ಮೇಲೆಯೇ ಹೇಳಿದ್ದೇನೆ.

ನಮ್ಮ ಹಾಕಿಯಲ್ಲೂ ಹೀಗೇ ಆಗುತ್ತಾ?

ಮೇಷ್ಟ್ರ ಕಾಗದದ ಮೂರನೇ ಪುಟ ಪೂರ್ತಿ ಇದೇ ಪ್ರಶ್ನೆ. ಆಗುತ್ತದೆ, ಆದರೆ ನಿಯಮ ಬೇರೆ. ಮೈದಾನದ ಹಾಕಿಯಲ್ಲಿ ಹಸಿರು ಕಾರ್ಡಿಗೆ ಎರಡು ನಿಮಿಷ ಹೊರಗೆ, ಹಳದಿಗೆ ಕಮ್ಮಿಯೆಂದರೆ ಐದು ನಿಮಿಷ, ಕೆಂಪು ಕಾರ್ಡಾದರೆ ವಾಪಸ್ ಬರುವುದೇ ಇಲ್ಲ. ಗೋಲು ಬಿದ್ದರೂ ಶಿಕ್ಷೆ ಮೊಟಕಾಗುವುದಿಲ್ಲ. ಹನ್ನೊಂದರಲ್ಲಿ ಒಬ್ಬ ಹೋದರೆ, ಐದರಲ್ಲಿ ಒಬ್ಬ ಹೋದಷ್ಟು ತೂತು ಬೀಳುವುದಿಲ್ಲ.

ಉದಾಹರಣೆಗೆ ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 4, ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್, ಭಾರತ ಮತ್ತು ಗ್ರೇಟ್ ಬ್ರಿಟನ್. ಎರಡನೇ ಕ್ವಾರ್ಟರಿನಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡು. ಉಳಿದ 40 ನಿಮಿಷಕ್ಕೂ ಹೆಚ್ಚು ಹೊತ್ತು ಭಾರತ ಹತ್ತೇ ಜನ. ಆ ಹತ್ತು ಜನರೇ ಮೊದಲು ಗೋಲು ಹೊಡೆದರು, ಹರ್ಮನ್‌ಪ್ರೀತ್ ಪೆನಾಲ್ಟಿ ಕಾರ್ನರಿನಲ್ಲಿ. ಬ್ರಿಟನ್ ಸರಿಗಟ್ಟಿತು, ಆಮೇಲೆ ಅಷ್ಟು ಹೊತ್ತು ಮುತ್ತಿಗೆ ಹಾಕಿದರೂ ಇನ್ನೊಂದು ಗೋಲು ಬರಲಿಲ್ಲ. ಭಾರತದವರೆಲ್ಲ ಡಿ ವೃತ್ತದ ಬಾಯಿಗೆ ಬಂದು ನಿಂತಿದ್ದರು, ಬ್ರಿಟನ್ನಿನವರು ಹೊರಗೆ ಹೊರಗೆ ಆಡಿದರು, ಒಳಗೆ ಬಂದದ್ದಕ್ಕೆ ಶ್ರೀಜೇಶ್ ಇದ್ದರು. ಶೂಟೌಟಿನಲ್ಲಿ 4-2. ಆವತ್ತು ನಾವೆಲ್ಲ ಕುಣಿದೆವಲ್ಲ, ಆ ಕಡೆ ಬ್ರಿಟನ್ನಿನ ಮನೆಗಳಲ್ಲಿ ಜನ ಕೇಳಿದ್ದು ಇದೇ ಪ್ರಶ್ನೆ: ಒಬ್ಬ ಜಾಸ್ತಿ ಇದ್ದೂ ಯಾಕೆ ಆಗಲಿಲ್ಲ?

ಕಬಡ್ಡಿಯವರಿಗೆ ಇದು ಇನ್ನೂ ಬೇಗ ಅರ್ಥವಾಗುತ್ತದೆ. ಪ್ರೊ ಕಬಡ್ಡಿಯಲ್ಲಿ ಮೂವರೋ ಅದಕ್ಕಿಂತ ಕಮ್ಮಿಯೋ ಉಳಿದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಜಾಸ್ತಿ. ಜನ ಕಮ್ಮಿ ಇರುವ ಕಡೆ ಕೋರ್ಟು ಖಾಲಿ ಕಾಣುತ್ತದೆ, ಅದನ್ನು ನಂಬಿ ಒಳಗೆ ಹೋದವನು ಸಿಕ್ಕಿಬೀಳುತ್ತಾನೆ.

ಟಿವಿಯಲ್ಲಿ ನೋಡ್ತಾ ನೋಡ್ತಾನೇ ಪವರ್ ಪ್ಲೇ ಸರಿ ಇದೆಯಾ ಇಲ್ವಾ ಅಂತ ಹೇಗೆ ಹೇಳೋದು?

ಪಕ್ ನೋಡುವುದನ್ನು ಬಿಡಿ. ಅಭ್ಯಾಸ ಇಲ್ಲದವರಿಗೆ ಅದು ಕಾಣುವುದೂ ಇಲ್ಲ. ಗೋಲಿಯ ಕಾಲು ನೋಡಿ. ಎರಡೂ ಕಾಲು ಊರಿ, ಭುಜ ನೇರವಾಗಿ ನಿಂತಿದ್ದರೆ ಅವನು ಆರಾಮವಾಗಿದ್ದಾನೆ ಅಂತ ಅರ್ಥ, ಎಷ್ಟೇ ಪಾಸ್ ಆಗುತ್ತಿರಲಿ. ಅಡ್ಡಕ್ಕೆ ಜಾರುತ್ತಿದ್ದರೆ, ಯಾರದೋ ಸೊಂಟದ ಪಕ್ಕದಿಂದ ಇಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ.

ಇದನ್ನು ನಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಅಕ್ಕನೊಬ್ಬರಿಗೆ ಹೇಳಿದ್ದೆ. ಆಟದ ನಿಯಮ ಒಂದೂ ಅವರಿಗೆ ಬೇಡ. ಮೆಟ್ಟುಗತ್ತಿಯ ಮೇಲೆ ಕೂತು, ಕೈ ತನ್ನ ಪಾಡಿಗೆ ಸುಲಿಯುತ್ತಿರುವಾಗ ಆಗಾಗ ತಲೆಯೆತ್ತಿ ಗೋಲಿಯನ್ನು ಮಾತ್ರ ನೋಡುತ್ತಾರೆ. ಮೊನ್ನೆ ಒಂದು ಪವರ್ ಪ್ಲೇಯಲ್ಲಿ ಹಾಸ್ಟೆಲಿನಿಂದ ಬಂದಿದ್ದ ಹುಡುಗರೆಲ್ಲ "ಹೋಯ್ತು, ಹೋಯ್ತು" ಅಂತ ಎದ್ದು ನಿಂತರು. ಆ ಅಕ್ಕ ಫೋನಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. "ಎಲ್ಲಿ ಹೋಯ್ತು? ಅವ್ನು ಅಲುಗಾಡ್ಲೇ ಇಲ್ಲ" ಅಂದು ಮುಂದಿನ ಅಡಿಕೆಗೆ ಕೈ ಹಾಕಿದರು. ಪಕ್ ಗೋಲಿಯ ಕೈಗವಸಿನಲ್ಲಿತ್ತು.